ಬಯಲು ಖಾಲಿಯಲ್ಲ: ಹುಲ್ಲುಗಾವಲಿನ ಮೇಲೆ ವಿಜ್ಞಾನದ ಕ್ಯಾಂಪಸ್ ಕಟ್ಟುವುದು ಹೇಗೆ?

ನಾಯಕನಹಟ್ಟಿ ಜಾತ್ರೆ ಮುಗಿಸಿ ಚಳ್ಳಕೆರೆ ಕಡೆಗೆ ಬಸ್ಸಿನಲ್ಲಿ ಬರುತ್ತಿದ್ದೆವು. ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪ ಕಿಟಕಿಯಾಚೆ ಕೈ ತೋರಿಸಿ, "ಇಷ್ಟುದ್ದ ಕಾಂಪೌಂಡ್ ಹಾಕ್ಯಾರೆ, ಒಳಗೆ ನೋಡಿದ್ರೆ ಬರೀ ಬಯಲು. ಒಂದಿಷ್ಟು ಗಿಡನಾದ್ರೂ ನೆಡಬಾರದಾ?" ಎಂದರು. ಫಾಲ್ಗುಣದ ಬಿಸಿಲು. ಹುಲ್ಲೆಲ್ಲ ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು. ನೋಡಿದವರು ಯಾರಾದರೂ ಹಾಗೇ ಕೇಳುತ್ತಾರೆ.

ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಚಳ್ಳಕೆರೆ ಸೀಮೆ ಈಗ ದೇಶಕ್ಕೆಲ್ಲ ಗೊತ್ತಿರುವ ಹೆಸರು. ಇಲ್ಲಿನ ರನ್‌ವೇ ಮೇಲೆ ಇಸ್ರೋದ ರೆಕ್ಕೆಯ ವಾಹನ ಇಳಿದ ಸುದ್ದಿಯನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಆದರೆ ಇಂಥ ಸಂಸ್ಥೆಗಳು ಬಯಲಿಗೆ ಬಂದಾಗ ಆ ಬಯಲು ಏನಾಗುತ್ತದೆ, ನೆಲದ ಗುಣ ಕೆಡದಂತೆ ಕಟ್ಟುವ ದಾರಿ ಯಾವುದು ಎನ್ನುವುದನ್ನು ನಮಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ. ದೊಡ್ಡಪ್ಪನಿಗೆ ಹೇಳುವ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಚಳ್ಳಕೆರೆಗೆ ಬಂದದ್ದು ಏನೇನು?

ಚಳ್ಳಕೆರೆ ತಾಲ್ಲೂಕಿನ ಖುದಾಪುರ, ದೊಡ್ಡಉಳ್ಳಾರ್ತಿ, ವರವು ಕಾವಲುಗಳ ಸುತ್ತ ಕೆಲವು ದೊಡ್ಡ ಸಂಸ್ಥೆಗಳಿಗೆ ಜಾಗ ಕೊಡಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಐಐಎಸ್‌ಸಿಗೆ, ಸುಮಾರು 1,500 ಎಕರೆ. ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ 4,000 ಎಕರೆಗೂ ಹೆಚ್ಚು. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,800 ಎಕರೆ, ಇಸ್ರೋಗೆ 500 ಎಕರೆಗೂ ಮಿಕ್ಕಿ.

ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ಪೈಲಟ್ ಇಲ್ಲದ ರುಸ್ತುಂ-2 ವಿಮಾನ ಇಲ್ಲಿ ಹಾರಿತ್ತು. 2023ರ ಏಪ್ರಿಲ್ 2ರ ಬೆಳಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ಮರುಬಳಕೆ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ವಾಹನ ತನ್ನಷ್ಟಕ್ಕೆ ತಾನೇ ದಿಕ್ಕು ಹಿಡಿದು ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳಲ್ಲಿ ಇನ್ನೆರಡು ಬಾರಿ ಇದೇ ಪ್ರಯೋಗ ನಡೆಯಿತು. ಐಐಎಸ್‌ಸಿಯ ಕ್ಯಾಂಪಸ್ಸಿನಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ಹಲವು ವರ್ಷಗಳಿಂದ ನಡೆಯುತ್ತಿದೆ.

ಇದರ ಇನ್ನೊಂದು ಮಗ್ಗುಲೂ ಇದೆ. ಈ ನೆಲದಲ್ಲಿ ತಲೆಮಾರುಗಳಿಂದ ದನ ಕುರಿ ಮೇಯಿಸುತ್ತಿದ್ದ ಹಳ್ಳಿಗಳವರು ಬೇಲಿ ಬಿದ್ದಾಗ ಪ್ರಶ್ನೆ ಎತ್ತಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೂ ಹೋಯಿತು. ಆ ವ್ಯಾಜ್ಯದ ವಿವರಕ್ಕೆ ನಾನು ಹೋಗುವುದಿಲ್ಲ. ಆದರೆ ಅದರ ಬೇರು ಒಂದು ಶಬ್ದದಲ್ಲಿತ್ತು. ಕೆಲವರಿಗೆ ಈ ನೆಲ 'ಖಾಲಿ ಜಾಗ', ಇನ್ನು ಕೆಲವರಿಗೆ 'ಕಾವಲು'.

ಕಾವಲು ಎಂದರೇನು?

ನಮ್ಮ ಮಾತಿನಲ್ಲಿ ಕಾವಲು ಎಂದರೆ ಕಾಯ್ದುಕೊಂಡ ಹುಲ್ಲುಗಾವಲು. ಮೈಸೂರು ಅರಸರ ಕಾಲದಲ್ಲಿ ಸೈನ್ಯಕ್ಕೆ ಬೇಕಾದ ಎತ್ತುಗಳನ್ನು ಸಾಕಲು ಇಂಥ ಮೇವಿನ ನೆಲಗಳನ್ನು ಮೀಸಲಿಟ್ಟಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಎಂಬ ಇಲಾಖೆಗೆ ಟಿಪ್ಪು ಸುಲ್ತಾನ್ 'ಅಮೃತ್ ಮಹಲ್' ಎಂದು ಹೆಸರಿಟ್ಟ. ಆ ಹೆಸರೇ ದನದ ತಳಿಗೂ ಬಂತು, ನೆಲಕ್ಕೂ ಅಂಟಿತು. ಉದ್ದ ಕೊಂಬಿನ, ಗಟ್ಟಿ ಗೊರಸಿನ ಅಮೃತ್ ಮಹಲ್ ಎತ್ತು ಫಿರಂಗಿ ಗಾಡಿ ಎಳೆದು ಹೆಸರಾದದ್ದು ಈ ಹುಲ್ಲು ತಿಂದೇ.

ಕಾವಲಿಗೆ ಕಟ್ಟುಪಾಡುಗಳಿದ್ದವು. ಯಾವ ತಿಂಗಳಲ್ಲಿ ದನ ಬಿಡಬೇಕು, ಯಾವಾಗ ನೆಲಕ್ಕೆ ಬಿಡುವು ಕೊಡಬೇಕು, ಮಳೆ ಕೈಕೊಟ್ಟರೆ ಹಿಂಡನ್ನು ಯಾವ ಕಡೆ ಹೊಡೆಯಬೇಕು, ಎಲ್ಲಕ್ಕೂ ಲೆಕ್ಕವಿತ್ತು. ನಮ್ಮ ಕಡೆ ಮ್ಯಾಸಬೇಡರು ಇವತ್ತಿಗೂ ದೇವರ ಎತ್ತುಗಳನ್ನು ಸಾಕುತ್ತಾರೆ, ಅವನ್ನು ಕಾಯುವವನು ಕಿಲಾರಿ. ಯಾವ ದಿಣ್ಣೆಯಲ್ಲಿ ಯಾವ ಹುಲ್ಲು, ಯಾವ ಗೋಕಟ್ಟೆಯಲ್ಲಿ ಎಷ್ಟು ದಿನ ನೀರು ಎಂದು ಕಿಲಾರಿಯನ್ನು ಕೇಳಿದರೆ ಬಾಯಲ್ಲೇ ನಕ್ಷೆ ಬಿಡಿಸುತ್ತಾನೆ. ಕ್ಯಾಂಪಸ್ ವಿನ್ಯಾಸ ಮಾಡುವವರಿಗೆ ಇದಕ್ಕಿಂತ ಬೆಲೆಬಾಳುವ ದಾಖಲೆ ಇಲ್ಲ.

ಕಾವಲಿನಲ್ಲಿ ದನ ಕುರಿಗಳಷ್ಟೇ ಇರುವುದಿಲ್ಲ. ಕೃಷ್ಣಮೃಗ, ತೋಳ, ನರಿ, ಮೊಲ, ಗೌಜಲಕ್ಕಿ, ಲಾವಕ್ಕಿ, ನೆಲದ ಮೇಲೇ ಮೊಟ್ಟೆಯಿಡುವ ನೆಲಗುಬ್ಬಿ, ಎಲ್ಲವೂ ಬಯಲನ್ನೇ ನಂಬಿಕೊಂಡ ಜೀವಗಳು. ಎರೆಭೂತ ಎಂಬ ದೊಡ್ಡ ಹಕ್ಕಿಯೂ ಇಂಥ ಬಯಲಿನದೇ. ಈಗ ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ.

ಅಷ್ಟೊಂದು ಜಾಗ ಯಾಕೆ ಬೇಕು?

ಪ್ರಯೋಗಾಲಯ ಎಂದರೆ ನಮಗೆ ಕಾಲೇಜಿನ ಕೋಣೆ, ಅಲ್ಲಿನ ಗಾಜಿನ ನಳಿಗೆಗಳು ನೆನಪಾಗುತ್ತವೆ. ಅದಕ್ಕೆ ಸಾವಿರ ಎಕರೆ ಬೇಡ. ಆದರೆ ಕೆಲವು ಪ್ರಯೋಗಗಳಿಗೆ ಕಟ್ಟಡಕ್ಕಿಂತ ಕಟ್ಟಡದ ಸುತ್ತಲಿನ ದೂರವೇ ಮುಖ್ಯ. ಪೈಲಟ್ ಇಲ್ಲದ ವಿಮಾನ ದಾರಿ ತಪ್ಪಿ ಬಿದ್ದರೆ ಕೆಳಗೆ ಮನೆಯಿರಬಾರದು. ಸೂಕ್ಷ್ಮ ಅಳತೆಯ ಯಂತ್ರದ ಪಕ್ಕದಲ್ಲಿ ಲಾರಿ ಹೋದರೆ ನೆಲ ನಡುಗಿ ಅಳತೆ ಕೆಡುತ್ತದೆ. ರೇಡಿಯೋ ಸಂಕೇತ ಹಿಡಿಯುವ ಆ್ಯಂಟೆನಾಗೆ ಊರಿನ ಗದ್ದಲ ಆಗದು. ಹೀಗೆ ಬೇಕೆಂದೇ ಬಿಡುವ ಸುತ್ತಲಿನ ಜಾಗಕ್ಕೆ ಬಫರ್ ವಲಯ ಎನ್ನುತ್ತಾರೆ. ಕಣದಲ್ಲಿ ರಾಗಿ ತೂರುವಾಗ ಸುತ್ತ ಜಾಗ ಬಿಟ್ಟು ನಿಲ್ಲುತ್ತೇವಲ್ಲ, ಅದೇ ಲೆಕ್ಕ.

ಅಂದರೆ ಇಂಥ ಕ್ಯಾಂಪಸ್ಸಿನಲ್ಲಿ ನಿಜವಾಗಿ ಸಿಮೆಂಟ್ ಬೀಳುವುದು ಸ್ವಲ್ಪ ಜಾಗದ ಮೇಲೆ. ಉಳಿದದ್ದು ಬಯಲಾಗಿಯೇ ಇರಬೇಕು, ಅದೇ ಅದರ ಕೆಲಸ. ನೆಲಕ್ಕೂ ವಿಜ್ಞಾನಕ್ಕೂ ಜಗಳ ಇರಲೇಬೇಕೆಂದಿಲ್ಲ ಎಂದು ನಾನು ನಂಬುವುದು ಇದೇ ಕಾರಣಕ್ಕೆ. ರನ್‌ವೇ ಪಕ್ಕ ಎತ್ತರದ ಮರ ಇರುವಂತಿಲ್ಲ, ಹುಲ್ಲಿದ್ದರೆ ತೊಂದರೆಯಿಲ್ಲ. ಅತಿ ಶುದ್ಧ ಗಾಳಿ ಬೇಕಾದ ಪ್ರಯೋಗಾಲಯಕ್ಕೆ ಧೂಳು ದೊಡ್ಡ ಶತ್ರು. ಹುಲ್ಲು ಕೆತ್ತಿ ಮಣ್ಣು ಬರಿದಾದರೆ ಆಷಾಢದ ಗಾಳಿಗೆ ಏಳುವ ಕೆಂಧೂಳು ಎಂಥದ್ದೆಂದು ಚಿತ್ರದುರ್ಗದವರಿಗೆ ಹೇಳಬೇಕಾಗಿಲ್ಲ. ಬೇರು ಬಿಟ್ಟ ಹುಲ್ಲು ಆ ಧೂಳನ್ನು ನೆಲದಲ್ಲೇ ಕಟ್ಟಿಹಾಕುತ್ತದೆ.

ಹಸಿರು ಎಂದರೆ ಮರವೇ?

ದೊಡ್ಡಪ್ಪನ ಪ್ರಶ್ನೆಯ ತಿರುಳು ಇಲ್ಲಿದೆ. ಗಿಡ ನೆಡುವುದು ಪುಣ್ಯದ ಕೆಲಸ ಎಂದು ಕಲಿತು ಬೆಳೆದವರು ನಾವು. ಮಲೆನಾಡಿನಲ್ಲಿ, ಊರಿನಲ್ಲಿ, ರಸ್ತೆ ಬದಿಯಲ್ಲಿ ಅದು ನಿಜ. ಹುಲ್ಲುಗಾವಲಿನಲ್ಲಿ ಮಾತ್ರ ಲೆಕ್ಕ ಬೇರೆ.

ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಕಡೆಗಳಲ್ಲಿ ಒಂದು. ವರ್ಷದ ಸರಾಸರಿ 500 ಮಿಲಿಮೀಟರ್ ಆಚೀಚೆ. ಪಶ್ಚಿಮ ಘಟ್ಟ ದಾಟಿ ಬರುವ ಹೊತ್ತಿಗೆ ಮುಂಗಾರಿನ ಮೋಡಗಳು ಬರಿದಾಗಿರುತ್ತವೆ, ಬೀಸುವ ಗಾಳಿಯಷ್ಟೇ ನಮಗೆ ಸಿಗುತ್ತದೆ. ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನ ಗುಡುಗು ಮಳೆ. ಇಷ್ಟು ನೀರಿಗೆ ದಟ್ಟ ಕಾಡು ಬೆಳೆಯದು. ಇಲ್ಲಿ ತಾನಾಗಿ ಬೆಳೆಯುವುದು ಹುಲ್ಲು, ನಡುನಡುವೆ ಜಾಲಿ, ಬನ್ನಿ, ತುಗ್ಗಲಿ, ಕಾರೆ ಗಿಡ. ಕಾಡು ಹಾಳಾಗಿ ಹುಲ್ಲಾಯಿತು ಎಂದುಕೊಳ್ಳುವುದು ತಪ್ಪು. ಹುಲ್ಲೇ ಇಲ್ಲಿಯ ಮೂಲ ನಿವಾಸಿ.

ಹೋದ ಮಳೆಗಾಲದ ಕೊನೆಗೆ ನಮ್ಮ ಹೊಲದ ಬದುವಿನ ಮೇಲೆ ಒಂದು ಕರಡದ ಹುಲ್ಲಿನ ಬುಡವನ್ನು ಗುದ್ದಲಿಯಿಂದ ಅಗೆದು ನೋಡಿದೆ. ಮೇಲೆ ಕಂಡದ್ದು ಮೊಣಕಾಲೆತ್ತರದ ಒಂದು ಗೊಂಚಲು. ಕೆಳಗೆ ಒಂದು ಮೊಳ ಅಗೆದರೂ ಬೇರು ಮುಗಿಯಲಿಲ್ಲ. ಕೂದಲಿನಷ್ಟು ಸಣ್ಣ ಬೇರುಗಳು ಮಣ್ಣಿನ ಹರಳು ಹರಳನ್ನೂ ಹಿಡಿದು ಹೆಣೆದುಕೊಂಡಿದ್ದವು. ಹೆಂಟೆಯನ್ನು ಎತ್ತಿ ಕೊಡವಿದರೂ ಮಣ್ಣು ಉದುರಲಿಲ್ಲ. ಒಳಗೆ ಕೈಯಿಟ್ಟರೆ ತಣ್ಣಗಿತ್ತು. ಒಂದು ಮಾರು ಆಚೆ, ಕಳೆ ಕಿತ್ತು ಬರಿದಾಗಿದ್ದ ಜಾಗದಲ್ಲಿ ಅದೇ ಗುದ್ದಲಿ ಠಣ್ ಎಂದಿತು.

ಕಾಡು ತಾನು ಗಾಳಿಯಿಂದ ಹೀರಿದ ಇಂಗಾಲವನ್ನು ಬಹುಪಾಲು ಕಾಂಡದಲ್ಲಿ, ಕೊಂಬೆಯಲ್ಲಿ ಇಟ್ಟುಕೊಳ್ಳುತ್ತದೆ. ಹುಲ್ಲುಗಾವಲು ನೆಲದೊಳಗೆ ಹೂಳಿಡುತ್ತದೆ. ಬೆಂಕಿ ಬಿದ್ದರೂ, ದನ ಮೇಯ್ದರೂ, ಮೂರು ವರ್ಷ ಬರ ಬಂದರೂ ಆ ಗಂಟು ಕೆಳಗೆ ಭದ್ರ. ಬೇಸಿಗೆಯಲ್ಲಿ ಒಣಗಿದಂತೆ ಕಾಣುವ ಹುಲ್ಲು ಸತ್ತಿರುವುದಿಲ್ಲ, ನೀರಿನ ಖರ್ಚು ನಿಲ್ಲಿಸಿ ಮಲಗಿರುತ್ತದೆ. ಮೊದಲ ಹದ ಮಳೆಗೆ ವಾರದೊಳಗೆ ಬಯಲಿಡೀ ಹಸಿರಾಗುವುದು ಅದಕ್ಕೇ. ನೀಲಗಿರಿಯಂಥ ಮರ ಬೇಸಿಗೆಯಲ್ಲೂ ಹಸಿರಾಗಿರುತ್ತದೆ, ಅಂದರೆ ಬೇಸಿಗೆಯಲ್ಲೂ ಆಳದ ನೀರು ಎಳೆಯುತ್ತಲೇ ಇರುತ್ತದೆ.

ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ದಾವಣಗೆರೆಯಿಂದ ಹರಿಹರ ದಾಟಿದರೆ ರಾಣೆಬೆನ್ನೂರು. ಅಲ್ಲಿನ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು ಕೃಷ್ಣಮೃಗಕ್ಕಾಗಿ. ಎರೆಭೂತವೂ ಅಲ್ಲಿತ್ತು. ಆದರೆ ಆ ನೆಲದ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತ್ತು. ಕೃಷ್ಣಮೃಗ ಹೇಗೋ ಹೊಂದಿಕೊಂಡು ಉಳಿಯಿತು. ದೂರದವರೆಗೂ ಕಣ್ಣು ಹಾಯುವ ಬಯಲಿಲ್ಲದೆ ಎರೆಭೂತ ಬದುಕದು, ಅದು ಅಲ್ಲಿಂದ ಕಾಣೆಯಾಯಿತು. ನೆಟ್ಟವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೂ ಹಸಿರು ಹೆಚ್ಚಿದಂತೆ ಕಂಡ ಜಾಗದಲ್ಲಿ ಜೀವ ಕಡಿಮೆಯಾಯಿತು.

ಬೆಂಗಳೂರಿನ ಐಐಎಸ್‌ಸಿ ನೋಡಿದವರು ಅಲ್ಲಿನ ಮರಗಳ ನೆರಳನ್ನು ನೆನೆಯುತ್ತಾರೆ. 1909ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಾಗ ಅದೂ ಬಹುಮಟ್ಟಿಗೆ ಬಯಲೇ. ಈಗ ಅದು ನಗರದ ನಡುವಿನ ತೋಪು. ಬೆಂಗಳೂರಿನ ಮಳೆ ನಮ್ಮದರ ಹೆಚ್ಚುಕಡಿಮೆ ಎರಡು ಪಟ್ಟು. ಸುತ್ತ ನಗರ ಮುಚ್ಚಿಕೊಂಡ ಜಾಗದಲ್ಲಿ ಆ ಮರಗಳಿಗೆ ದೊಡ್ಡ ಬೆಲೆಯಿದೆ. ಅದೇ ನೆರಳನ್ನು ಖುದಾಪುರದ ಬಯಲಿಗೆ ಎತ್ತಿ ತಂದರೆ ಕೊಳವೆಬಾವಿಯ ನೀರು ಕುಡಿಸಿಯೇ ಸಾಕಬೇಕು. ಮರ ಬೇಡವೇ ಬೇಡ ಎಂದಲ್ಲ. ಕಟ್ಟಡದ ಪಶ್ಚಿಮಕ್ಕೆ, ನಡೆದಾಡುವ ದಾರಿಗೆ, ಹಳ್ಳದ ದಂಡೆಗೆ ಬೇವು, ಹೊಂಗೆ, ಬನ್ನಿ ಚೆನ್ನಾಗಿ ಒಪ್ಪುತ್ತವೆ. ಬಯಲಿನ ಮೇಲೆ ಸಾಲು ಹಿಡಿದು ನೆಡುವುದು ಬೇಡ. ತಾನಾಗಿ ನುಗ್ಗುವ ಬಳ್ಳಾರಿ ಜಾಲಿಯನ್ನಂತೂ ವರ್ಷ ವರ್ಷ ಕೀಳುತ್ತಿರಬೇಕು. ಅದು ಒಮ್ಮೆ ಹಬ್ಬಿದರೆ ಹುಲ್ಲಿಗೆ ಉಸಿರಿಲ್ಲ.

ಕಟ್ಟುವ ಮೊದಲು ನೆಲ ಓದುವುದು

ಮನೆ ಕಟ್ಟುವಾಗ ನಾವು ಆಯ ನೋಡುತ್ತೇವೆ, ನೀರು ಯಾವ ಕಡೆ ಹರಿಯುತ್ತದೆ ನೋಡುತ್ತೇವೆ. ಸಾವಿರ ಎಕರೆಗೂ ಹಾಗೆಯೇ, ಪ್ರಮಾಣ ಮಾತ್ರ ದೊಡ್ಡದು. ವಿನ್ಯಾಸಕಾರರು ಒಂದೇ ಜಾಗದ ಹಲವು ನಕ್ಷೆ ಮಾಡುತ್ತಾರೆ. ಒಂದರಲ್ಲಿ ಏರು ತಗ್ಗು, ಇನ್ನೊಂದರಲ್ಲಿ ಮಣ್ಣು, ಎಲ್ಲಿ ಮಸಾರಿ, ಎಲ್ಲಿ ಎರೆ, ಎಲ್ಲಿ ಬಂಡೆ. ಮತ್ತೊಂದರಲ್ಲಿ ಹಳ್ಳ, ಕಟ್ಟೆ. ಬೇರೊಂದರಲ್ಲಿ ಹಕ್ಕಿ ಮೊಟ್ಟೆಯಿಡುವ ಜಾಗ, ದನದ ಹಾದಿ, ಗುಡಿ, ಜಾತ್ರೆಯ ದಾರಿ. ಇವನ್ನು ಪಾರದರ್ಶಕ ಹಾಳೆಗಳಂತೆ ಒಂದರ ಮೇಲೊಂದು ಇಟ್ಟು ನೋಡಿದಾಗ ಕೆಲವು ಕಡೆ ಬಣ್ಣ ದಟ್ಟವಾಗಿ ಕೂಡುತ್ತದೆ. ಅಲ್ಲಿ ಮುಟ್ಟಬಾರದು. ಎಲ್ಲ ಹಾಳೆಯಲ್ಲೂ ತೆಳುವಾಗಿ ಕಾಣುವ ಜಾಗ, ಅಂದರೆ ಈಗಾಗಲೇ ಸವೆದ ನೆಲ, ಹಳೇ ಗುಂಡಿ, ಮೊದಲೇ ಉತ್ತು ಬಿಟ್ಟ ಭಾಗ, ಅಲ್ಲಿ ಕಟ್ಟಬೇಕು.

ಈ ನಕ್ಷೆ ಒಂದು ಋತುವಿನಲ್ಲಿ ಮುಗಿಯುವುದಿಲ್ಲ. ಮಾರ್ಚ್‌ನಲ್ಲಿ ಬಂದು ನೋಡಿದವರಿಗೆ ದೊಡ್ಡಪ್ಪ ಕಂಡ ಬಯಲೇ ಕಾಣುತ್ತದೆ. ಅಕ್ಟೋಬರಿನಲ್ಲಿ ಬಂದರೆ ಹಳ್ಳ ಎಲ್ಲಿದೆ ಎಂದು ಹಳ್ಳವೇ ಹೇಳುತ್ತದೆ. ಕನಿಷ್ಠ ಒಂದು ಪೂರ್ತಿ ವರ್ಷ ನೋಡಿ ಆಮೇಲೆ ಗೆರೆ ಎಳೆಯಬೇಕು.

ಇನ್ನೊಂದು ಸಣ್ಣ ಸಂಗತಿ, ಆದರೆ ಬಹಳ ಮುಖ್ಯ. ನೆಲದ ಮೇಲಿನ ಗೇಣು ಮಣ್ಣಿನಲ್ಲಿ ಹುಲ್ಲಿನ ಬೀಜ, ಬೇರು, ಎರೆಹುಳು ಎಲ್ಲ ಇರುತ್ತವೆ. ಜೆಸಿಬಿ ಅದನ್ನು ತಳದ ಮೊರಂ ಜೊತೆ ಕಲಸಿಬಿಟ್ಟರೆ ಆ ಜಾಗದಲ್ಲಿ ಹುಲ್ಲು ಮರಳಿ ಬರಲು ಎಷ್ಟೋ ವರ್ಷ ಬೇಕು. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದು, ತಗ್ಗು ರಾಶಿ ಹಾಕಿ, ಕೆಲಸ ಮುಗಿದ ಮೇಲೆ ಮರಳಿ ಹರಡಿದರೆ ಮಳೆಗಾಲದಲ್ಲಿ ತಾನೇ ಚಿಗುರುತ್ತದೆ. ಮೊಸರು ಖಾಲಿಯಾದರೂ ಹೆಪ್ಪಿಗೆ ಒಂದಿಷ್ಟು ಉಳಿಸಿಕೊಂಡ ಹಾಗೆ.

ನೀರಿನ ಪಾಠ ಕೋಟೆಯಲ್ಲಿದೆ

ನೀರಿನ ವಿಷಯಕ್ಕೆ ಬಂದರೆ ಚಿತ್ರದುರ್ಗದ ಏಳು ಸುತ್ತಿನ ಕೋಟೆಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಜೋರು ಮಳೆ ಬಿದ್ದ ಮಾರನೇ ದಿನ ಹತ್ತಿ ನೋಡಿ. ಬಂಡೆಯ ಮೇಲೆ ಬಿದ್ದ ನೀರು ಇಂಗಲು ಜಾಗವಿಲ್ಲ, ಜಾರುತ್ತದೆ. ಜಾರಿದ ನೀರು ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿದರೆ ಹೆಚ್ಚಾದದ್ದು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಒಂದರ ಕೋಡಿ ಇನ್ನೊಂದರ ಒಡಲು. ಬಂಡೆ ಒಡೆದು ಬೆಟ್ಟವನ್ನು ಮಟ್ಟ ಮಾಡುವ ಗೋಜಿಗೆ ಕಟ್ಟಿದವರು ಹೋಗಲಿಲ್ಲ. ಇಳಿಜಾರು ಎಲ್ಲಿ ಕರೆದೊಯ್ಯಿತೋ ಅಲ್ಲಿ ಹೊಂಡ ಕೂರಿಸಿದರು.

ಕ್ಯಾಂಪಸ್ಸಿಗೂ ಇದಕ್ಕೂ ಏನು ಸಂಬಂಧ? ಮೆತ್ತನೆಯ ಹುಲ್ಲು ನೆಲದ ಮೇಲೆ ಚಾವಣಿ, ರಸ್ತೆ, ಪಾರ್ಕಿಂಗ್ ಹಾಕುವುದೆಂದರೆ ಅಲ್ಲಿ ನಾವೇ ಬಂಡೆ ಹಾಸಿದಂತೆ. ಒಂದು ಎಕರೆ ಚಾವಣಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಹತ್ತು ದೊಡ್ಡ ಟ್ಯಾಂಕರ್‌ಗಳಷ್ಟು. ಹುಲ್ಲಿದ್ದಾಗ ಅದರ ಬಹುಪಾಲು ಇಂಗುತ್ತಿತ್ತು. ಈಗ ಒಂದೇ ಗಂಟೆಯಲ್ಲಿ ಚರಂಡಿಗೆ ಧುಮುಕುತ್ತದೆ, ಕೆಳಗಿನ ಹೊಲ ಕೊರೆಯುತ್ತದೆ, ಮೇಲಿನ ನೆಲ ಒಣಗುತ್ತದೆ. ಆದ್ದರಿಂದ ಎಷ್ಟು ಬಂಡೆ ಹಾಸಿದೆವೋ ಅಷ್ಟಕ್ಕೆ ಹೊಂಡದ ಸಾಲು ಮಾಡಿಕೊಡಬೇಕು. ಚಾವಣಿಯ ನೀರು ಮೊದಲು ತೊಟ್ಟಿಗೆ, ತೊಟ್ಟಿಯ ಕೋಡಿ ಹುಲ್ಲು ಹಾಸಿದ ತಗ್ಗು ಕಾಲುವೆಗೆ, ಅಲ್ಲಿಂದ ಗೋಕಟ್ಟೆಗೆ, ಕಟ್ಟೆಯ ಕೋಡಿ ಹಳ್ಳಕ್ಕೆ.

ರಸ್ತೆಯೂ ಹಾಗೆಯೇ. ಇಳಿಜಾರನ್ನು ಸೀಳಿಕೊಂಡು ನೇರ ಇಳಿದರೆ ಅದೇ ಹಳ್ಳವಾಗುತ್ತದೆ. ಹೊಲದಲ್ಲಿ ಬದು ಹಾಕುವಂತೆ ಒಂದೇ ಮಟ್ಟದ ಗೆರೆ ಹಿಡಿದು ಬಳಸಿ ಹೋದರೆ ನೀರು ನಿಧಾನವಾಗುತ್ತದೆ. ಬದುವಿನ ಲೆಕ್ಕ ನಮ್ಮ ರೈತರಿಗೆ ಕರತಲಾಮಲಕ. ಎಂಜಿನಿಯರುಗಳು ಅದನ್ನೇ ಸಮಪಾತಳಿ ರೇಖೆ ಎನ್ನುತ್ತಾರೆ.

ಇದರಾಚೆ, ಕ್ಯಾಂಪಸ್ಸಿನ ಕೆಳಗಿರುವ ಕೆರೆಗಳನ್ನು ಮರೆಯಬಾರದು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯನ್ನು ಜನ ಇವತ್ತಿಗೂ ಕೆರೆ ಕಟ್ಟಿಸಿದ ಪುಣ್ಯಾತ್ಮ ಎಂದೇ ನೆನೆಯುತ್ತಾರೆ. ಮೇಲಿನವರು ಎಲ್ಲ ನೀರು ಹಿಡಿದಿಟ್ಟುಕೊಂಡರೆ ಕೆಳಗಿನ ಕೆರೆ ಬತ್ತುತ್ತದೆ. ಎಷ್ಟು ಇಂಗಿಸಬೇಕು, ಎಷ್ಟು ಹರಿಯಬಿಡಬೇಕು ಎಂಬುದನ್ನು ಇಡೀ ಜಲಾನಯನಕ್ಕೆ, ಅಂದರೆ ಒಂದು ಹಳ್ಳಕ್ಕೆ ನೀರು ಕೂಡಿಬರುವ ಅಷ್ಟೂ ಪ್ರದೇಶಕ್ಕೆ, ಲೆಕ್ಕ ಹಾಕಬೇಕು. ಕಾಂಪೌಂಡ್ ಗೋಡೆ ನೀರಿಗೆ ಗೊತ್ತಿಲ್ಲ. ನಮ್ಮ ಕೊಳವೆಬಾವಿಗಳಲ್ಲಿ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಕಾಟ. ಹಾಗಾಗಿ ಯಂತ್ರ ತಂಪು ಮಾಡುವ ನೀರನ್ನಾದರೂ ಬಳಸಿದ್ದನ್ನೇ ಶುದ್ಧಮಾಡಿ ಮತ್ತೆ ಬಳಸುವುದು ಇಲ್ಲಿ ಅನಿವಾರ್ಯ.

ಬಿಸಿಲು ಮತ್ತು ಗೋಡೆ

ಚಿತ್ರದುರ್ಗ ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಮಧ್ಯಕ್ಕೊಮ್ಮೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನಿಲ್ಲುತ್ತಾನೆ. ಹಾಗಾಗಿ ಇಲ್ಲಿ ಅತಿ ಹೆಚ್ಚು ಕಾಯುವುದು ಚಾವಣಿ, ಆಮೇಲೆ ಇಳಿಬಿಸಿಲಿಗೆ ಮೈಯೊಡ್ಡುವ ಪೂರ್ವ, ಪಶ್ಚಿಮದ ಗೋಡೆ. ಉದ್ದನೆಯ ಮೈ ಉತ್ತರ, ದಕ್ಷಿಣಕ್ಕೆ ತಿರುಗಿಸಿ, ಪಶ್ಚಿಮಕ್ಕೆ ಕಿಟಕಿ ಕಡಿಮೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ನಮ್ಮ ಮಾಳಿಗೆ ಮನೆಗಳು ಹೇಳಿಕೊಡುತ್ತವೆ. ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣು ಹೊದಿಸಿದ ಮಾಳಿಗೆ, ನಡುವೆ ಬೆಳಕಿಂಡಿ. ಹಗಲಿನ ಬಿಸಿ ಗೋಡೆ ದಾಟಿ ಒಳಬರುವ ಹೊತ್ತಿಗೆ ಹೊರಗೆ ಕತ್ತಲಾಗಿ ತಂಗಾಳಿ ಶುರುವಾಗಿರುತ್ತದೆ. ಬೆಳಕಿಂಡಿಯಿಂದ ಬಿಸಿಗಾಳಿ ಮೇಲೆದ್ದು ಹೋಗುತ್ತದೆ. ಇದೇ ತತ್ವವನ್ನು ಇವತ್ತಿನ ವಸ್ತುಗಳಲ್ಲಿ ಮಾಡಬಹುದು: ನಡುವೆ ಗಾಳಿಯಾಡುವ ಎರಡು ಪದರದ ಚಾವಣಿ, ಅಲ್ಲಿಯದೇ ಮಣ್ಣನ್ನು ಒತ್ತಿ ಮಾಡಿದ ಇಟ್ಟಿಗೆ, ಅಲ್ಲಿಯದೇ ಕಲ್ಲು. ಪೂರ್ತಿ ಗಾಜು ಹೊದಿಸಿದ ಕಟ್ಟಡ ಚಳಿ ದೇಶದವರಿಗೆ ಒಪ್ಪುತ್ತದೆ. ನಮ್ಮಲ್ಲಿ ಅದು ಒಲೆ.

ಎಲ್ಲ ಪ್ರಯೋಗಾಲಯಕ್ಕೂ ಇದು ಸಾಲದು. ಕೆಲವು ಯಂತ್ರಗಳಿಗೆ ವರ್ಷವಿಡೀ ಒಂದೇ ಉಷ್ಣತೆ ಬೇಕು, ಅಲ್ಲಿ ಏಸಿ ಬಿಟ್ಟು ಗತಿಯಿಲ್ಲ. ಅಂಥವನ್ನು ಒಂದೆಡೆ ಗುಂಪಾಗಿಟ್ಟು, ಉಳಿದ ಹಾಸ್ಟೆಲ್, ಕಚೇರಿ, ತರಗತಿಗಳನ್ನು ಗಾಳಿ ಬೆಳಕಿಗೆ ಬಿಟ್ಟರೆ ವಿದ್ಯುತ್ ಎಷ್ಟೋ ಉಳಿಯುತ್ತದೆ.

ಬೇಲಿ, ದೀಪ, ತಂತಿ

ರಕ್ಷಣೆಯ ಕೆಲಸ ನಡೆಯುವಲ್ಲಿ ಬೇಲಿ ಬೇಕೇಬೇಕು. ಆದರೆ ಇಡೀ ಗಡಿಗೆ ಒಂದೇ ಎತ್ತರದ ಗೋಡೆ ಬೇಕೆಂದಿಲ್ಲ. ಸೂಕ್ಷ್ಮ ಜಾಗಕ್ಕೆ ಗೋಡೆ ಕಟ್ಟಿ, ಬಫರ್ ವಲಯಕ್ಕೆ ತಂತಿ ಬೇಲಿ ಹಾಕಿ, ಕೆಳಗಿನ ಎಳೆಯನ್ನು ಮುಳ್ಳಿಲ್ಲದಂತೆ ಸ್ವಲ್ಪ ಎತ್ತರಿಸಿದರೆ ಮೊಲ, ನರಿ ನುಸುಳಿ ಹೋಗುತ್ತವೆ. ಭದ್ರತೆಗೆ ಧಕ್ಕೆಯಿಲ್ಲದ ಭಾಗದಲ್ಲಿ ಗೊತ್ತಾದ ತಿಂಗಳಲ್ಲಿ ದನ ಬಿಡುವ ಅಥವಾ ಹುಲ್ಲು ಕೊಯ್ದು ಒಯ್ಯುವ ವ್ಯವಸ್ಥೆ ಮಾಡಿದರೆ ಸುತ್ತಲಿನ ಹಟ್ಟಿಗಳಿಗೆ ಮೇವು ಸಿಗುತ್ತದೆ. ಹುಲ್ಲಿಗೂ ಅದು ಒಳ್ಳೆಯದೇ, ಮೇಯದ, ಕೊಯ್ಯದ ಹುಲ್ಲು ತನ್ನ ಒಣ ಭಾರಕ್ಕೆ ತಾನೇ ಉಸಿರುಗಟ್ಟಿ ಬೇಸಿಗೆಯಲ್ಲಿ ಬೆಂಕಿಗೆ ತುತ್ತಾಗುತ್ತದೆ.

ದೀಪಗಳು ಕೆಳಮುಖವಾಗಿರಲಿ, ಬೇಕಾದಾಗ ಮಾತ್ರ ಉರಿಯಲಿ. ಹುಳು, ಹಕ್ಕಿ, ರಾತ್ರಿ ಬೇಟೆಯ ಪ್ರಾಣಿಗಳಿಗೆ ಕತ್ತಲೆಯೂ ಒಂದು ಆಹಾರ. ವಿದ್ಯುತ್ ತಂತಿ ನೆಲದೊಳಗೆ ಹೋದಷ್ಟೂ ಲೇಸು. ಎರೆಭೂತಕ್ಕೆ ಎದುರಿನ ನೋಟ ಮಂದ, ಮೈ ಭಾರ. ಹಾರುತ್ತ ತಂತಿ ಕಂಡರೂ ಥಟ್ಟನೆ ತಿರುಗಲಾರದು. ರಾಜಸ್ಥಾನ, ಗುಜರಾತಿನಲ್ಲಿ ಹೀಗೆ ಹಕ್ಕಿಗಳು ಸತ್ತದ್ದರಿಂದಲೇ 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳ ವಿಷಯದಲ್ಲಿ ಆದೇಶ ಕೊಡಬೇಕಾಯಿತು.

ಬೇರೆ ದೇಶದ ಎರಡು ಬಯಲುಗಳು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫರ್ಮಿಲ್ಯಾಬ್ ಎಂಬ ಕಣ ಭೌತವಿಜ್ಞಾನದ ಪ್ರಯೋಗಾಲಯವಿದೆ. ಜಾಗ ಸುಮಾರು 6,800 ಎಕರೆ. 2011ರವರೆಗೆ ಕಣಗಳನ್ನು ಬೆಳಕಿನ ವೇಗದ ಸನಿಹಕ್ಕೆ ಓಡಿಸುತ್ತಿದ್ದ, ಆರು ಕಿಲೋಮೀಟರಿಗೂ ಹೆಚ್ಚು ಸುತ್ತಳತೆಯ ಉಂಗುರದಂಥ ಸುರಂಗ ನೆಲದ ಕೆಳಗೆ. ಮೇಲೆ ಬಯಲು. ಮೊದಲ ನಿರ್ದೇಶಕ ರಾಬರ್ಟ್ ವಿಲ್ಸನ್ ಭೌತವಿಜ್ಞಾನಿಯೂ ಹೌದು, ಶಿಲ್ಪಿಯೂ ಹೌದು. ಅವರು 1969ರಲ್ಲಿ ಅಲ್ಲಿಗೆ ಕಾಡೆಮ್ಮೆಯಂಥ ಬೈಸನ್ ಹಿಂಡು ತಂದರು. ಇವತ್ತಿಗೂ ಆ ಹಿಂಡು ಅಲ್ಲಿ ಮೇಯುತ್ತಿದೆ.

ಅಲ್ಲಿಯ ಮೂಲ ಹುಲ್ಲುಗಾವಲು ಅಷ್ಟರಲ್ಲಿ ಜೋಳದ ಹೊಲವಾಗಿ ಹೋಗಿತ್ತು. ರಾಬರ್ಟ್ ಬೆಟ್ಜ್ ಎಂಬ ಪ್ರಾಧ್ಯಾಪಕ ಹಳೆಯ ಸ್ಮಶಾನಗಳಲ್ಲಿ, ರೈಲುಹಳಿಯ ಬದಿಯಲ್ಲಿ, ನೇಗಿಲು ತಾಕದೆ ಉಳಿದ ಚೂರು ಚೂರು ಹುಲ್ಲನ್ನು ಪತ್ತೆಮಾಡಿದ್ದರು. ಅಲ್ಲಿಂದ ಕೈಯಲ್ಲಿ ಬೀಜ ಆರಿಸಿ ತಂದು 1975ರಲ್ಲಿ ಉಂಗುರದ ಒಳಗಿನ ಕೆಲವೇ ಎಕರೆಯಲ್ಲಿ ಬಿತ್ತಿದರು. ಈಗ ಅದು ಸಾವಿರ ಎಕರೆಯ ಆಸುಪಾಸು ಹಬ್ಬಿದೆ. ಪ್ರತಿವರ್ಷ ಶರತ್ಕಾಲದಲ್ಲಿ ಸುತ್ತಲಿನ ಊರವರು ಬಂದು ಚೀಲ ಹಿಡಿದು ಬೀಜ ಕೊಯ್ಯುತ್ತಾರೆ.

ಕೊಲರಾಡೋದ ಬೌಲ್ಡರ್ ಪಟ್ಟಣದ ಹೊರಗೆ ವಾತಾವರಣ ಸಂಶೋಧನಾ ಕೇಂದ್ರವೊಂದಿದೆ. ವಾಸ್ತುಶಿಲ್ಪಿ ಐ. ಎಂ. ಪೈ ವಿನ್ಯಾಸ ಮಾಡಿದ್ದು, 1960ರ ದಶಕದಲ್ಲಿ ಕಟ್ಟಿದ್ದು. ಬೆಟ್ಟದಡಿಯಲ್ಲಿ ಏನು ಕಟ್ಟಿದರೂ ಸಣ್ಣದಾಗಿ ಕಾಣುತ್ತದೆ ಎಂಬುದು ಅವರ ಸಮಸ್ಯೆ. ಬಂಡೆಯ ಪೊಟರೆಯಲ್ಲಿ ಮನೆ ಕಟ್ಟಿದ್ದ ಆ ನಾಡಿನ ಮೂಲ ನಿವಾಸಿಗಳ ಹಳೆಯ ವಸತಿಗಳನ್ನು ಹೋಗಿ ನೋಡಿ ಬಂದರು. ಕಾಂಕ್ರೀಟಿಗೆ ಅಲ್ಲಿಯದೇ ಕಲ್ಲಿನ ಪುಡಿ ಬೆರೆಸಿ, ಮೇಲ್ಮೈಯನ್ನು ಸುತ್ತಿಗೆಯಿಂದ ಒರಟು ಮಾಡಿಸಿದರು. ದೂರದಿಂದ ನೋಡಿದರೆ ಕಟ್ಟಡ ಬೆಟ್ಟದ್ದೇ ಬಣ್ಣ. ಬಂಡೆಯ ನಡುವೆಯೇ ಬತೇರಿ, ಬಾಗಿಲು ಹೊಂದಿಸಿದ ಕೋಟೆ ನೋಡಿ ಬೆಳೆದ ನಮಗೆ ಇದು ಅಚ್ಚರಿಯ ಮಾತಲ್ಲ.

ಹಾಳಾದ ಹುಲ್ಲುಗಾವಲನ್ನು ಬೀಜ ಬೀಜ ಹುಡುಕಿ ಮರಳಿ ತರಲು ಅವರಿಗೆ ಐವತ್ತು ವರ್ಷ ಹಿಡಿಯಿತು, ಇನ್ನೂ ಮುಗಿದಿಲ್ಲ. ನಮ್ಮ ಕಾವಲುಗಳಲ್ಲಿ ಆ ಬೀಜ ಇನ್ನೂ ನೆಲದಲ್ಲೇ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಚಿಕ್ಕಂದಿನಲ್ಲಿ ಕಾವಲಿನ ಅಂಚಿಗೆ ದನ ಹೊಡೆದುಕೊಂಡು ಹೋಗುತ್ತಿದ್ದ ನೆನಪು ತೆಗೆದರು. ದೀಪಾವಳಿ ಹೊತ್ತಿಗೆ ಹುಲ್ಲು ಸೊಂಟದವರೆಗೆ ಬರುತ್ತಿತ್ತಂತೆ, ನಡೆದರೆ ಪಂಚೆಯ ತುಂಬ ಬೀಜ ಚುಚ್ಚಿಕೊಳ್ಳುತ್ತಿದ್ದವಂತೆ. ಮನೆಗೆ ಬಂದು ಜಗಲಿಯ ಮೇಲೆ ಕೂತು ಒಂದೊಂದೇ ಕಿತ್ತು ಅಂಗಳಕ್ಕೆ ಎಸೆಯುತ್ತಿದ್ದರಂತೆ. "ಮುಂದಿನ ಮಳಿಗೆ ಅಂಗಳದಾಗೂ ಹುಟ್ಟತಿತ್ತು" ಎಂದರು.